ಬಾಗಿಲಲ್ಲೇ ಕೇಳಬೇಕಾದ ಐದು ಪ್ರಶ್ನೆ

ಭಾಗ 1/9: ಯಾಕೆ ಈ ಸರಣಿ

ಸರ್ವರ್ ಆಕ್ಷನ್ ಬಗ್ಗೆ ಕನ್ನಡದಲ್ಲಿ ಬರೀರಿ ಅಂತ ತುಂಬಾ ಜನ ಡಿಎಂ ಮಾಡಿದ್ರಿ. ಬರೀತಿದ್ದೀನಿ. ಉದ್ದ ಇದೆ, ಒಂದೇ ಸಲಕ್ಕೆ ಓದೋಕೆ ಆಗದಿದ್ರೆ ಸೇವ್ ಮಾಡಿಟ್ಕೊಳ್ಳಿ. ಇಲ್ಲಿ ಕೋಡ್ ಸ್ಕ್ರೀನ್‌ಶಾಟ್ ಇಲ್ಲ. ಕೋಡ್ ಯಾರು ಬೇಕಾದ್ರೂ ಕಾಪಿ ಮಾಡಬಹುದು. ಅದರ ಹಿಂದಿರೋ ಯೋಚನೆಯನ್ನ ಮಾತ್ರ ನಾವೇ ಮಾಡ್ಬೇಕು.

ಹೊಸಬರಿಗೆ ಹೇಳ್ತೀನಿ: ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಅಂದ್ರೆ ಕಾಲೇಜಿನ ರಕ್ತದಾನಿಗಳ ಪಟ್ಟಿ. ನಾವು ಮೂರು ಜನ ಮಾಡಿದ್ವಿ. ಅದಕ್ಕೂ ಮುಂಚೆ ಈ ಪಟ್ಟಿ ಒಂದು ಶೀಟಲ್ಲಿತ್ತು. ಲಿಂಕ್ ಇದ್ದವರೆಲ್ಲ ತಿದ್ದಬಹುದು, ಬ್ಯಾಚಿಂದ ಬ್ಯಾಚಿಗೆ ಕೈ ಬದಲಾಗ್ತಾ ಬಂದಿತ್ತು. ಆ ಶೀಟಲ್ಲಿ ಓ ಪಾಸಿಟಿವ್ ಅನ್ನೋದೊಂದನ್ನೇ ಏಳೆಂಟು ಥರ ಬರೆದಿದ್ರು. ಓ ಪ್ಲಸ್, ಓ ಪಿಓಎಸ್, ಓ ಪ್ಲಸ್ ವಿಇ, ಇಂಗ್ಲಿಷಿನ ಓ ಬದಲು ಸೊನ್ನೆ, ಮುಂದೆ ಒಂದು ಸ್ಪೇಸ್, ಹಿಂದೆ ಒಂದು ಸ್ಪೇಸ್. ಫಿಲ್ಟರ್ ಹಾಕಿದ್ರೆ ಅರ್ಧ ಜನ ಮಾಯ.

ಇದರ ಪರಿಣಾಮ ಏನು ಗೊತ್ತಾ? ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆ ಕಾರಿಡಾರಲ್ಲಿ ನಿಂತವರು ಫೋನ್ ಮಾಡಿದ್ರೆ "ನಮ್ಮ ಹತ್ರ ಇಬ್ಬರೇ ಇರೋದು" ಅಂತ ಉತ್ತರ ಹೋಗ್ತಿತ್ತು. ಪಟ್ಟಿಯಲ್ಲಿ ಹನ್ನೆರಡು ಜನ ಇರ್ತಿದ್ರು. ಬರೋಕೆ ಸಿದ್ಧ ಇದ್ದ ಹತ್ತು ಜನ ಹಾಸ್ಟೆಲಲ್ಲಿ ಮಲಗಿರ್ತಿದ್ರು, ಯಾರೂ ಅವರನ್ನ ಎಬ್ಬಿಸ್ತಿರಲಿಲ್ಲ.

ವ್ಯಾಲಿಡೇಶನ್ ಅಂದ್ರೆ ಫಾರಂ ಕೆಳಗೆ ಬರೋ ಕೆಂಪು ಅಕ್ಷರ ಅಂತ ಪಾಠದಲ್ಲಿ ಕಲಿತೀವಿ. ಆ ಶೀಟ್ ನೋಡಿದ ಮೇಲೆ ನನಗೆ ಆ ಪದದ ಅರ್ಥವೇ ಬೇರೆ ಆಯ್ತು. ಅದನ್ನೇ ಹಂಚ್ಕೊಳ್ತೀನಿ.

ಭಾಗ 2/9: ಫಂಕ್ಷನ್ ಥರ ಕಾಣೋ ಬಾಗಿಲು

ಸರ್ವರ್ ಆಕ್ಷನ್ ಅಂದ್ರೆ ಸಿಂಪಲ್ಲಾಗಿ ಇಷ್ಟೇ: ಫಾರಂನ ಬಟನ್ ಒತ್ತಿದ ತಕ್ಷಣ ಸರ್ವರಲ್ಲಿ ಓಡುವ ಫಂಕ್ಷನ್. ನೆಕ್ಸ್ಟ್‌ಜೆಎಸ್ 13.4ರಲ್ಲಿ, 2023ರ ಮೇ ತಿಂಗಳಲ್ಲಿ, ಪ್ರಯೋಗದ ಮಟ್ಟದಲ್ಲಿ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ 14ನೇ ಆವೃತ್ತಿ ಬಂದಾಗ ಸ್ಥಿರ ಆಯ್ತು. 2024ರ ಡಿಸೆಂಬರಿನಲ್ಲಿ ರಿಯಾಕ್ಟ್ 19 ಬಂತು, ಫಾರಂ ಆಕ್ಷನ್‌ಗಳು ರಿಯಾಕ್ಟಿನದೇ ಭಾಗ ಆದವು. ಮೊದಲು ಏಪಿಐ ರೂಟ್ ಬರೆದು, ಫೆಚ್ ಬರೆದು, ಜೇಸನ್ ಬಿಚ್ಚಿ ಒದ್ದಾಡ್ತಿದ್ವಲ್ಲ, ಅದೆಲ್ಲ ಹೋಯ್ತು. ಫೈಲಿನ ತಲೆಮೇಲೆ "ಯೂಸ್ ಸರ್ವರ್" ಅಂತ ಬರೆದ್ರೆ ಮುಗೀತು.

ತೊಂದರೆ ಶುರುವಾಗೋದೂ ಅಲ್ಲೇ. ಬರೆಯುವಾಗ ಅದು ನಮ್ಮದೇ ಫಂಕ್ಷನ್ ಅನ್ಸುತ್ತೆ. ನಮ್ಮ ಬಟನ್ ಮಾತ್ರ ಅದನ್ನ ಕರೆಯುತ್ತೆ ಅನ್ಸುತ್ತೆ. ನಿಜ ಹಾಗಿಲ್ಲ. ಆ ಫೈಲಿಂದ ಎಕ್ಸ್‌ಪೋರ್ಟ್ ಆಗಿ ಬಳಕೆಯಲ್ಲಿರೋ ಒಂದೊಂದು ಫಂಕ್ಷನ್ನೂ ಹೊರಗಿಂದ ಪೋಸ್ಟ್ ರಿಕ್ವೆಸ್ಟ್ ತಗೊಳ್ಳೋ ಒಂದು ವಿಳಾಸ. ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆಗೆದು, ಹೋದ ರಿಕ್ವೆಸ್ಟನ್ನ ಕಾಪಿ ಮಾಡಿ, ಒಳಗಿನ ಮಾಹಿತಿ ಬದಲಿಸಿ ಮತ್ತೆ ಕಳಿಸೋಕೆ ಎರಡು ನಿಮಿಷ ಸಾಕು. ನಮ್ಮ ಬಟನ್ನೂ ಬೇಡ, ಫಾರಮ್ಮೂ ಬೇಡ.

ನಮ್ಮ ಊರಿನ ಹಳೇ ಮನೆಗಳಲ್ಲಿ ಜಗಲಿ ಇರುತ್ತಲ್ಲ, ಅದನ್ನ ನೆನಪು ಮಾಡ್ಕೊಳ್ಳಿ. ಬಂದವರನ್ನ ಅಜ್ಜಿ ಅಲ್ಲೇ ಕೂರಿಸಿ, ನೀರು ಕೊಟ್ಟು, "ಯಾರ ಮನೆಯವರಪ್ಪಾ, ಏನು ಕೆಲಸ?" ಅಂತ ವಿಚಾರಿಸ್ತಿದ್ಲು. ಕೇಳೋದ್ರಲ್ಲಿ ಅವಮಾನ ಇರಲಿಲ್ಲ. ಕೇಳದೇ ಯಾರೂ ನೇರ ಅಡುಗೆಮನೆಗೆ ನುಗ್ತಿರಲಿಲ್ಲ. ಡೇಟಾಬೇಸ್ ಅಂದ್ರೆ ಅಡುಗೆಮನೆ. ಆಕ್ಷನ್ನಿನ ಮೊದಲ ಹತ್ತು ಸಾಲು ಜಗಲಿ.

ಜಗಲಿಯಲ್ಲಿ ಕೇಳಬೇಕಾದ್ದು ಐದೇ ಪ್ರಶ್ನೆ, ಇದೇ ಕ್ರಮದಲ್ಲಿ:
ಒಂದು, ನೀವು ಯಾರು?
ಎರಡು, ಏನು ತಂದಿದ್ದೀರಿ?
ಮೂರು, ಈ ಕೆಲಸ ಮಾಡೋ ಹಕ್ಕು ನಿಮಗಿದೆಯಾ?
ನಾಲ್ಕು, ಇದು ಈಗ ಆಗೋ ಕೆಲಸಾನಾ?
ಐದು, ನಿಮಗೆ ಏನು ಹೇಳಿ ಕಳಿಸಬೇಕು?

ಜಾಸ್ತಿ ಜನ ಎಡವೋದು ಎರಡನೇ ಪ್ರಶ್ನೆಯಲ್ಲಿ. ವಿವರಿಸೋಕೆ ಅಲ್ಲಿಂದಲೇ ಶುರು ಮಾಡ್ತೀನಿ.

ಭಾಗ 3/9: ಬಂದಿದ್ದೆಲ್ಲ ಬರೀ ಅಕ್ಷರ

"ಟೈಪ್‌ಸ್ಕ್ರಿಪ್ಟ್ ಹಾಕಿದ್ದೀನಲ್ಲ, ತೂಕ ನಂಬರ್ ಅಂತ ಬರೆದಿದ್ದೀನಲ್ಲ, ಸಾಕಲ್ವಾ?" ಜೂನಿಯರ್ಸ್ ಕೇಳೋ ಮೊದಲ ಪ್ರಶ್ನೆ ಇದು. ಸಾಕಾಗಲ್ಲ. ಟೈಪ್‌ಸ್ಕ್ರಿಪ್ಟಿನ ಟೈಪುಗಳು ಕಂಪೈಲ್ ಆದ ಮೇಲೆ ಅಳಿಸಿಹೋಗುತ್ವೆ. ಸರ್ವರಲ್ಲಿ ಓಡುವಾಗ ಅಲ್ಲಿ ಕಾವಲು ಕಾಯೋಕೆ ಯಾರೂ ಇರಲ್ಲ. ಫಾರಮ್ಮಿಂದ ಬರೋದು ಅಕ್ಷರಗಳ ಸಾಲು, ಇಲ್ಲಾಂದ್ರೆ ಒಂದು ಫೈಲ್. ಅಷ್ಟೇ.

ಈ ಅಕ್ಷರಗಳನ್ನ ಸಂಖ್ಯೆ ಮಾಡುವಾಗ ಜಾವಾಸ್ಕ್ರಿಪ್ಟ್ ಆಡೋ ಆಟ ನೋಡಿ. ತೂಕದ ಜಾಗ ಖಾಲಿ ಬಿಟ್ರೆ, ಆ ಖಾಲಿ ಅಕ್ಷರಸಾಲನ್ನ ಸಂಖ್ಯೆಗೆ ತಿರುಗಿಸಿದಾಗ ಎರರ್ ಬರಲ್ಲ, 0 ಬರುತ್ತೆ! "ಹೇಳಿಲ್ಲ" ಅನ್ನೋದಕ್ಕೂ "ಸೊನ್ನೆ ಕೆಜಿ" ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? "ಫಾಲ್ಸ್" ಅನ್ನೋ ಪದವನ್ನ ಬೂಲಿಯನ್‌ಗೆ ತಿರುಗಿಸಿ ನೋಡಿ, ಟ್ರೂ ಬರುತ್ತೆ, ಯಾಕಂದ್ರೆ ಖಾಲಿ ಇಲ್ಲದ ಯಾವ ಪದ ಆದ್ರೂ ಅದಕ್ಕೆ ಟ್ರೂ. ಟಿಕ್ ಮಾಡದ ಚೆಕ್‌ಬಾಕ್ಸ್ ಅಂತೂ ಬರೋದೇ ಇಲ್ಲ. ಟಿಕ್ ಮಾಡಿದ್ರೆ "ಆನ್" ಅಂತ ಬರುತ್ತೆ.

ಈಗ ಇದನ್ನ ನಮ್ಮ ಪಟ್ಟಿಗೆ ಹಚ್ಚಿ. ಆ ಚೆಕ್‌ಬಾಕ್ಸಲ್ಲಿ ಬರೆದಿರೋದು "ತುರ್ತು ಸಮಯದಲ್ಲಿ ನನಗೆ ಕರೆ ಮಾಡಬಹುದು" ಅಂತ. ಅಲ್ಲಿ ಫಾಲ್ಸ್ ಟ್ರೂ ಆಯ್ತು ಅಂದ್ರೆ, ಬೇಡ ಅಂದ ಹುಡುಗಿಯ ಫೋನ್ ಅಪರಾತ್ರಿಯಲ್ಲಿ ರಿಂಗ್ ಆಗುತ್ತೆ.

ಅದಕ್ಕೇ ಝೋಡ್ ಥರದ ಲೈಬ್ರರಿ ಬೇಕು. ಯಾವ್ಯಾವ ಜಾಗದಲ್ಲಿ ಏನೇನು ಬರಬೇಕು ಅಂತ ಒಂದು ಕಡೆ ಬರೆದಿಟ್ಟು, ಬಂದದ್ದನ್ನ ಅದರ ಮುಂದೆ ಹಿಡೀತೀವಿ. ಸರಿ ಇದ್ರೆ ಶುಚಿಯಾದ ಮಾಹಿತಿ ಕೈಗೆ ಬರುತ್ತೆ, ಇಲ್ಲಾಂದ್ರೆ ಯಾವ ಜಾಗದಲ್ಲಿ ಏನು ತಪ್ಪು ಅನ್ನೋ ಪಟ್ಟಿ ಬರುತ್ತೆ. ನಾವು ಕೇಳದೇ ಇರೋ ಹೆಚ್ಚುವರಿ ಫೀಲ್ಡ್ ಯಾರಾದ್ರೂ ಸೇರಿಸಿ ಕಳಿಸಿದ್ರೆ ಝೋಡ್‌ನ ಮಾಮೂಲಿ ಆಬ್ಜೆಕ್ಟ್ ಸ್ಕೀಮಾ ಅದನ್ನ ಕಳಚಿಹಾಕುತ್ತೆ. ಈ ಕೊನೇ ಗುಣ ಎಷ್ಟು ದೊಡ್ಡದು ಅಂತ ಭಾಗ 7ರಲ್ಲಿ ಹೇಳ್ತೀನಿ.

ಬ್ರೌಸರಲ್ಲೇ ಚೆಕ್ ಮಾಡ್ತೀವಲ್ಲ ಅಂತೀರಾ? ಮಾಡಿ, ತುಂಬುವವರಿಗೆ ಅನುಕೂಲ. ಆದ್ರೆ ಅದು ಮರ್ಯಾದೆಗೆ ಇಟ್ಟ ಬೋರ್ಡ್ ಅಷ್ಟೇ, ಬೀಗ ಅಲ್ಲ.

ಭಾಗ 4/9: ಎಂಟು ಆಯ್ಕೆ ಸಾಕಾ?

ರಕ್ತದ ಗುಂಪಿಗೆ ಬರೆಯೋ ಜಾಗ ತೆಗೆದು ಡ್ರಾಪ್‌ಡೌನ್ ಹಾಕಿದ್ವಿ. ಎ, ಬಿ, ಎಬಿ, ಓ, ಒಂದೊಂದಕ್ಕೂ ಪಾಸಿಟಿವ್ ಮತ್ತು ನೆಗೆಟಿವ್. ಒಟ್ಟು 8. ಸರ್ವರಲ್ಲೂ ಅದೇ 8 ಬಿಟ್ಟು ಬೇರೆ ಏನು ಬಂದ್ರೂ ವಾಪಸ್. ಇಲ್ಲಿಗೆ ಎಲ್ಲ ಮುಗೀತು ಅನ್ಸುತ್ತೆ ಅಲ್ವಾ?

ಟೆಸ್ಟಿಂಗಿಗೆ ಕೊಟ್ಟಾಗ ಬಯಾಲಜಿ ಚೆನ್ನಾಗಿ ಓದಿದ್ದ ಒಬ್ಬ ಜೂನಿಯರ್ ಕೇಳಿದ್ಲು, "ಅಕ್ಕಾ, ಬಾಂಬೆ ಬ್ಲಡ್ ಗ್ರೂಪ್ ಎಲ್ಲಿ?" ನನ್ನ ಪಕ್ಕ ಕೂತಿದ್ದ ಟೀಮ್‌ಮೇಟ್ ತಮಾಷೆ ಅನ್ಕೊಂಡ. ತಮಾಷೆ ಅಲ್ಲ. ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಬಾಂಬೆಯಲ್ಲಿ ಗುರುತಿಸಿದ ಗುಂಪು ಅದು. ಇವರ ಕೆಂಪು ರಕ್ತಕಣಗಳ ಮೇಲೆ ಎ ಇಲ್ಲ, ಬಿ ಇಲ್ಲ, ಅವೆರಡಕ್ಕೂ ತಳಹದಿಯಾದ ಹೆಚ್ ಕೂಡ ಇಲ್ಲ. ಮಾಮೂಲಿ ಮೊದಲ ಪರೀಕ್ಷೆಯಲ್ಲಿ ಓ ಅಂತಲೇ ಕಾಣಬಹುದು. ಆದ್ರೆ ಓ ಗುಂಪಿನ ರಕ್ತ ಇವರಿಗೆ ಆಗಲ್ಲ. ಇವರಿಗೆ ಇವರದೇ ಗುಂಪಿನವರು ಕೊಡಬೇಕು. ಬಹಳ ಅಪರೂಪ, ಆದ್ರೆ ಬೇರೆ ದೇಶಗಳಿಗಿಂತ ನಮ್ಮ ಕಡೆ ಹೆಚ್ಚು ಕಾಣೋದು.

ಈಗ ಯೋಚಿಸಿ. ಇಂಥ ಒಬ್ಬರು ನಮ್ಮ ಫಾರಂ ತೆಗೆದ್ರೆ ಏನು ಮಾಡ್ತಾರೆ? ತಮ್ಮದು ಇಲ್ಲ, ಹತ್ತಿರದ್ದು ಓ, ಅದನ್ನೇ ಒತ್ತುತ್ತಾರೆ. ಯಾರು ಸಿಕ್ಕರೆ ಪುಣ್ಯ ಅನ್ನಬೇಕೋ ಅವರು ಓ ಪಾಸಿಟಿವ್ ರಾಶಿಯಲ್ಲಿ ಕಳೆದುಹೋಗ್ತಾರೆ. ನಮ್ಮ ವ್ಯಾಲಿಡೇಶನ್ ಹಸಿರು ಟಿಕ್ ತೋರಿಸ್ತಾನೇ ಇರುತ್ತೆ.

ಆಮೇಲೆ ಇನ್ನೆರಡು ಆಯ್ಕೆ ಸೇರಿಸಿದ್ವಿ: "ಬಾಂಬೆ" ಮತ್ತು "ಗೊತ್ತಿಲ್ಲ". ಈ "ಗೊತ್ತಿಲ್ಲ" ಬಹಳ ಮುಖ್ಯ. ಅದಿಲ್ಲದಿದ್ರೆ ಗೊತ್ತಿಲ್ಲದವರು ಊಹೆ ಮಾಡಿ ತುಂಬ್ತಾರೆ. ಊಹೆ ಮಾಡಿದ್ದಕ್ಕೂ ಪರೀಕ್ಷೆ ಮಾಡಿಸಿದ್ದಕ್ಕೂ ಡೇಟಾಬೇಸಲ್ಲಿ ವ್ಯತ್ಯಾಸ ಕಾಣಲ್ಲ. ಒಂದು ಸಮಾಧಾನ, ಯಾವ ಬ್ಲಡ್ ಬ್ಯಾಂಕೂ ನಮ್ಮ ಪಟ್ಟಿ ನಂಬಿ ರಕ್ತ ಕೊಡಲ್ಲ. ಅವರೇ ಗುಂಪು ಪರೀಕ್ಷಿಸಿ, ಹೊಂದುತ್ತಾ ಅಂತ ನೋಡಿಯೇ ಕೊಡೋದು. ನಮ್ಮ ಪಟ್ಟಿಯ ಕೆಲಸ ಸರಿಯಾದ ಜನಕ್ಕೆ ಫೋನ್ ಹೋಗೋ ಹಾಗೆ ಮಾಡೋದು. ಆ ಕೆಲಸವನ್ನಾದ್ರೂ ನೆಟ್ಟಗೆ ಮಾಡ್ಬೇಕಲ್ವಾ?

ಭಾಗ 5/9: ಹೆಸರು "ಅಮಾನ್ಯ" ಅನ್ನೋಕೆ ನಾವ್ಯಾರು?

ಇದು ನನಗೆ ತುಂಬಾ ಹತ್ತಿರದ ವಿಷಯ. ನಮ್ಮ ಮನೆಯಲ್ಲಿ ಯಾರಿಗೂ ಸರ್‌ನೇಮ್ ಇಲ್ಲ. ಹೆಸರಿನ ಜೊತೆ ಒಂದು ಇನಿಷಿಯಲ್, ಅಷ್ಟೇ. ಒಂದು ಆನ್‌ಲೈನ್ ಅರ್ಜಿ ತುಂಬುವಾಗ "ಕೊನೆಯ ಹೆಸರು ಕನಿಷ್ಠ 2 ಅಕ್ಷರ ಇರಬೇಕು" ಅಂತ ನಮ್ಮಮ್ಮನನ್ನ ನಾಲ್ಕು ಸಲ ವಾಪಸ್ ಕಳಿಸಿತ್ತು. ಕೊನೆಗೆ ಅಮ್ಮ ಇನಿಷಿಯಲ್ಲನ್ನೇ ಎರಡು ಸಲ ಬರೆದ್ರು. ಇವತ್ತಿಗೂ ಆ ದಾಖಲೆಯಲ್ಲಿ ಅವರ ಹೆಸರು ಹಾಗೇ ಇದೆ, ಆಧಾರ್ ಜೊತೆ ತಾಳೆ ಆಗಲ್ಲ. ಯಾರೋ ಬರೆದ ಒಂದು ಸಾಲಿನ ನಿಯಮ ನಮ್ಮಮ್ಮನ ಹೆಸರನ್ನೇ ತಿದ್ದಿತು.

ಅದಕ್ಕೇ ನಮ್ಮ ಫಾರಂನಲ್ಲಿ "ಪೂರ್ತಿ ಹೆಸರು" ಅಂತ ಒಂದೇ ಜಾಗ. ಕನ್ನಡದಲ್ಲೂ ಬರೀಬಹುದು. ಕನ್ನಡ ಅಂದ ತಕ್ಷಣ ಟೆಕ್ನಿಕಲ್ ಗಮ್ಮತ್ತು ಶುರು.

"ಯೂನಿಕೋಡಿನ ಯಾವುದೇ ಅಕ್ಷರ ಸರಿ" ಅಂತ ರೆಜೆಕ್ಸ್ ಬರೆದ್ರೆ "ರಮ" ಒಳಗೆ ಬರ್ತಾಳೆ, "ರಾಮ" ಬರಲ್ಲ! ಯಾಕಂದ್ರೆ ಯೂನಿಕೋಡಿನಲ್ಲಿ ನಮ್ಮ ದೀರ್ಘ, ಗುಡಿಸು, ಕೊಂಬು, ವಿರಾಮ ಯಾವುದೂ "ಅಕ್ಷರ" ವರ್ಗದಲ್ಲಿಲ್ಲ. ಅವು "ಚಿಹ್ನೆ" ಅನ್ನೋ ಬೇರೆ ವರ್ಗ. ಎರಡೂ ವರ್ಗ ಸೇರಿಸಬೇಕು. ಸೇರಿಸಿದ ಮೇಲೂ "ರಾಜ್‌ಕುಮಾರ್" ಹೊರಗೇ ನಿಲ್ತಾರೆ! ಜ್ ಮತ್ತು ಕು ಒತ್ತಕ್ಷರ ಆಗದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ-ತಡೆ ಅಕ್ಷರ ಕೂತಿರುತ್ತೆ. ಅದಕ್ಕೂ ಅನುಮತಿ ಕೊಡ್ಬೇಕು.

ಉದ್ದದ ಲೆಕ್ಕ ಇನ್ನೂ ಮಜಾ. "ಶ್ರೀಲಕ್ಷ್ಮಿ" ಓದೋಕೆ ಮೂರು ಅಕ್ಷರ. ಜಾವಾಸ್ಕ್ರಿಪ್ಟ್ ಎಣಿಸಿದ್ರೆ 11. "ಗರಿಷ್ಠ 20" ಅಂತ ಇಟ್ರೆ ಕನ್ನಡದಲ್ಲಿ ಬರೆದ ಉದ್ದದ ಹೆಸರು ಅರ್ಧಕ್ಕೆ ನಿಲ್ಲಬಹುದು. ಅಂಕಿಯ ಕಥೆಯೂ ಇದೇ. ಕನ್ನಡ ಕೀಬೋರ್ಡಲ್ಲಿ ೯ ಅಂತ ಒತ್ತಿದ್ರೆ ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆಯೇ ಅಲ್ಲ. ವಾಪಸ್ ಕಳಿಸೋ ಬದಲು ಸರ್ವರಲ್ಲೇ ೯ನ್ನ 9 ಮಾಡ್ಕೊಂಡು, ಆಮೇಲೆ 10 ಅಂಕಿ ಇದೆಯಾ, 6ರಿಂದ 9ರೊಳಗೆ ಶುರುವಾಗುತ್ತಾ ಅಂತ ನೋಡೋದು. ಎರಡು ಸಾಲಿನ ಕೆಲಸ.

ಇನ್ನೊಂದು ವಿಷಯ ಯುಎಸ್‌ಎನ್. ವಿಟಿಯು ಮಕ್ಕಳಿಗೆ ಈ ಹತ್ತು ಅಕ್ಷರ ನಿದ್ದೆಯಲ್ಲೂ ಬರುತ್ತೆ. ಕೊನೇ ಮೂರಂಕಿ 200 ದಾಟಬಾರದು ಅಂತ ಜಾಣತನ ಮಾಡಿದ್ರೆ ಡಿಪ್ಲೊಮಾ ಮಾಡಿ ಬಂದ ಗೆಳೆಯರೆಲ್ಲ ಔಟ್, ಅವರದ್ದು 400ರಿಂದ ಶುರು. ಯುಎಸ್‌ಎನ್ ಕಡ್ಡಾಯ ಮಾಡಿದ್ರೆ ನಮ್ಮ ಮೆಸ್ಸಿನ ಅಣ್ಣ ಔಟ್. ವರ್ಷಕ್ಕೆ ಮೂರು ಸಲ ರಕ್ತ ಕೊಡೋ ಮನುಷ್ಯ ಅವರು! ಹಾಗಾಗಿ ಮೊದಲು "ವಿದ್ಯಾರ್ಥಿಯಾ, ಸಿಬ್ಬಂದಿಯಾ" ಅಂತ ಕೇಳಿ, ವಿದ್ಯಾರ್ಥಿ ಆದ್ರೆ ಮಾತ್ರ ಯುಎಸ್‌ಎನ್ ಕೇಳ್ತೀವಿ. ಝೋಡಲ್ಲಿ ಇದಕ್ಕೆ ಡಿಸ್ಕ್ರಿಮಿನೇಟೆಡ್ ಯೂನಿಯನ್ ಅಂತಾರೆ. ಹೆಸರು ಭಯಂಕರ, ಕೆಲಸ ಸುಲಭ.

ಭಾಗ 6/9: ನಿನ್ನೆ ಯಾವಾಗ ಮುಗೀತು?

ನಾಲ್ಕನೇ ಪ್ರಶ್ನೆಗೆ ಬರೋಣ: ಇದು ಈಗ ಆಗೋ ಕೆಲಸಾನಾ?

ನಮ್ಮ ದೇಶದ ನಿಯಮದಲ್ಲಿ ರಕ್ತದಾನಿಯ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ. ಒಂದು ಸಲ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಅಂತಿಮ ತೀರ್ಮಾನ ಬ್ಲಡ್ ಬ್ಯಾಂಕಿನ ವೈದ್ಯರದ್ದು. ಪಟ್ಟಿ ನೋಡ್ಕೋಬೇಕಾದ್ದು ಕೊಡೋಕೆ ಆಗದವರಿಗೆ ಸುಮ್ಮನೆ ಫೋನ್ ಹೋಗದ ಹಾಗೆ.

ಇದು ಝೋಡ್ ಮಾಡೋ ಕೆಲಸ ಅಲ್ಲ. "ಇದು ಸರಿಯಾದ ದಿನಾಂಕವಾ" ಅನ್ನೋದು ಆಕಾರದ ಪರೀಕ್ಷೆ. "ಈ ವ್ಯಕ್ತಿ ಹೋದ ಸಲ ಕೊಟ್ಟು 90 ದಿನ ಆಯ್ತಾ" ಅನ್ನೋದು ನಿಯಮದ ಪರೀಕ್ಷೆ, ಅದಕ್ಕೆ ಡೇಟಾಬೇಸ್ ನೋಡ್ಬೇಕು. ಎರಡನ್ನೂ ಒಂದೇ ಕಡೆ ಕಲಸಿದ್ರೆ ಆರು ತಿಂಗಳಾದ ಮೇಲೆ ನಿಮಗೇ ಅರ್ಥ ಆಗಲ್ಲ. ಬೇರೆ ಬೇರೆ ಇಡಿ.

ದಿನಾಂಕದಲ್ಲಿ ಒಂದು ಗುಂಡಿ ಇದೆ, ಎಲ್ಲರೂ ನೋಡ್ಕೊಳ್ಳಿ. "ಮುಂದಿನ ದಿನಾಂಕ ಹಾಕುವಂತಿಲ್ಲ" ಅಂತ ನಿಯಮ ಇಡ್ತೀವಿ, ನ್ಯಾಯವಾಗಿದೆ. ಆದ್ರೆ ಕ್ಲೌಡ್ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ ಓಡುತ್ತೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮಲ್ಲಿ ರಾತ್ರಿ 12 ದಾಟಿ ಬೆಳಗಿನ ಜಾವ 5:30ರವರೆಗೆ ಸರ್ವರಿಗೆ ಇನ್ನೂ ನಿನ್ನೆ! ರಾತ್ರಿ ಒಂದು ಗಂಟೆಗೆ ರಕ್ತ ಕೊಟ್ಟು ಬಂದವನು ಇವತ್ತಿನ ದಿನಾಂಕ ಹಾಕಿದ್ರೆ "ಭವಿಷ್ಯದ ದಿನಾಂಕ" ಅಂತ ಬೈಸ್ಕೊಳ್ತಾನೆ. ತುರ್ತು ರಕ್ತದಾನ ಆ ಹೊತ್ತಲ್ಲೂ ಆಗಬಹುದು. ದಿನದ ಲೆಕ್ಕವನ್ನ ಭಾರತೀಯ ಸಮಯದಲ್ಲೇ ಮಾಡಿ.

ಇನ್ನು ಡಬಲ್ ಕ್ಲಿಕ್. ನೆಟ್‌ವರ್ಕ್ ನಿಧಾನ ಇದ್ರೆ ಎಲ್ಲರೂ ಬಟನ್ ಎರಡು ಸಲ ಒತ್ತೋರೇ. "ಈ ಯುಎಸ್‌ಎನ್ ಆಗಲೇ ಇದೆಯಾ" ಅಂತ ನೋಡಿ ಆಮೇಲೆ ಸೇರಿಸೋ ಕೋಡಿನಲ್ಲಿ, ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದು ಎರಡೂ "ಇಲ್ಲ" ಅನ್ನೋ ಉತ್ತರ ಪಡೆದು, ಎರಡೂ ಸೇರ್ಕೊಳ್ಳಬಹುದು. ಇದಕ್ಕೆ ಮದ್ದು ಡೇಟಾಬೇಸಿನ ಯುನೀಕ್ ಕನ್‌ಸ್ಟ್ರೇಂಟ್. ಕೊನೆಯ ಮಾತು ಅಡುಗೆಮನೆಯದ್ದೇ ಆಗಿರಲಿ.

ಭಾಗ 7/9: "ನನ್ನ ನಂಬರ್ ಯಾರಿಗೆಲ್ಲ ಕಾಣುತ್ತೆ?"

ನಮ್ಮ ಕ್ಲಾಸಿನ ಒಬ್ಬಳು ಹಳೇ ಶೀಟಲ್ಲಿ ಹೆಸರು ಹಾಕಿ, ಎರಡೇ ವಾರಕ್ಕೆ ತೆಗೆಸಿದ್ಲು. ರಕ್ತಕ್ಕೂ ಅವಳಿಗೆ ಬಂದ ಮೆಸೇಜುಗಳಿಗೂ ಸಂಬಂಧ ಇರಲಿಲ್ಲ. ಹೊಸ ಆ್ಯಪ್ ತೋರಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, "ನನ್ನ ನಂಬರ್ ಯಾರಿಗೆಲ್ಲ ಕಾಣುತ್ತೆ ಹೇಳು. ಬಟನ್ ಮುಚ್ಚಿಟ್ಟಿದ್ದೀವಿ ಅಂತ ಮಾತ್ರ ಹೇಳ್ಬೇಡ ಕಣೇ." ಅವಳಿಗೆ ಕೋಡಿಂಗ್ ಚೆನ್ನಾಗಿ ಬರುತ್ತೆ. ಬಟನ್ ಮುಚ್ಚೋದಕ್ಕೂ ಬಾಗಿಲು ಮುಚ್ಚೋದಕ್ಕೂ ಇರೋ ವ್ಯತ್ಯಾಸ ಗೊತ್ತು.

ಒಂದು ಮತ್ತು ಮೂರನೇ ಪ್ರಶ್ನೆ ಇರೋದು ಇಂಥವರಿಗಾಗಿ. ನೀವು ಯಾರು ಅನ್ನೋದನ್ನ ಸೆಷನ್ನಿಂದಲೇ ತಿಳ್ಕೋಬೇಕು. ಫಾರಂ ಒಳಗೆ ಬಚ್ಚಿಟ್ಟ ಐಡಿಯಿಂದ ಅಲ್ಲ, ಅದನ್ನ ಯಾರು ಬೇಕಾದ್ರೂ ಬದಲಿಸಬಹುದು. ಲಾಗಿನ್ ಆಗಿದ್ದಾರೆ ಅಂದ ಮಾತ್ರಕ್ಕೆ ಬೇರೆಯವರ ಸಾಲು ತಿದ್ದೋ ಹಕ್ಕು ಬಂದುಬಿಡಲ್ಲ. ಓವಾಸ್ಪ್ ಸಂಸ್ಥೆಯ 2021ರ ಟಾಪ್ 10 ಅಪಾಯಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನ ಇದಕ್ಕೇ, ಮುರಿದ ಪ್ರವೇಶ ನಿಯಂತ್ರಣಕ್ಕೆ.

ಹಳೇ ಕಥೆ ಒಂದಿದೆ. 2012ರ ಮಾರ್ಚಿನಲ್ಲಿ ಎಗೋರ್ ಹೊಮಾಕೊವ್ ಅನ್ನೋ ರಷ್ಯಾದ ಯುವಕ ಗಿಟ್‌ಹಬ್ಬಿನ ಒಂದು ಫಾರಂನಲ್ಲಿ ಯಾರೂ ಕೇಳದ ಒಂದು ಹೆಚ್ಚುವರಿ ಫೀಲ್ಡ್ ಸೇರಿಸಿ ಕಳಿಸಿದ. ತನ್ನ ಕೀಯನ್ನ ರೈಲ್ಸ್ ಪ್ರಾಜೆಕ್ಟಿನ ಖಾತೆಗೆ ಅಂಟಿಸಿ, ಆ ರೆಪೊಸಿಟರಿಗೇ ಒಂದು ಕಮಿಟ್ ಹಾಕಿದ. ಬಂದ ಫೀಲ್ಡುಗಳನ್ನೆಲ್ಲ ಹಾಗ್‌ಹಾಗೇ ಡೇಟಾಬೇಸಿಗೆ ಸುರಿಯೋ ಅಭ್ಯಾಸದಿಂದ ಆದದ್ದು ಇದು. ಮರುವರ್ಷ ಬಂದ ರೈಲ್ಸ್ 4ರಲ್ಲಿ "ಈ ಫೀಲ್ಡುಗಳನ್ನ ಮಾತ್ರ ತಗೋ" ಅಂತ ಹೇಳೋದೇ ಪದ್ಧತಿ ಆಯ್ತು. ಝೋಡ್ ಹೆಚ್ಚುವರಿ ಫೀಲ್ಡ್ ಕಳಚುತ್ತೆ ಅಂದಿದ್ನಲ್ಲ, ಬೆಲೆ ಈಗ ಗೊತ್ತಾಯ್ತಾ?

ಹೊಸ ಕಥೆ 2025ರ ಮಾರ್ಚಿನದ್ದು. ನೆಕ್ಸ್ಟ್‌ಜೆಎಸ್‌ನ ಮಿಡಲ್‌ವೇರಲ್ಲಿ ಒಂದು ದೋಷ ಬಯಲಾಯ್ತು. ರಿಕ್ವೆಸ್ಟಿನ ಜೊತೆ ಒಂದು ವಿಶೇಷ ಹೆಡರ್ ಕಳಿಸಿದ್ರೆ ಮಿಡಲ್‌ವೇರ್ ಓಡದೇನೇ ರಿಕ್ವೆಸ್ಟ್ ಒಳಗೆ ಹೋಗ್ತಿತ್ತು. ಲಾಗಿನ್ ಪರೀಕ್ಷೆಯನ್ನ ಗೇಟಲ್ಲಿ ಮಾತ್ರ ಇಟ್ಟವರಿಗೆ ಗೇಟೇ ಇಲ್ಲದಂಗಾಯ್ತು. ಆಕ್ಷನ್ ಒಳಗೂ ಕೇಳ್ತಿದ್ದವರಿಗೆ ಎರಡನೇ ಬಾಗಿಲು ಉಳಿದಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ? ಒಂದೊಂದು ಆಕ್ಷನ್ನಿನ ಒಳಗೂ ಕೇಳಿ, ಬೇಜಾರಾದ್ರೂ ಸರಿ.

ಒಳಗೆ ಬರೋದನ್ನ ಸೋಸಿದ ಹಾಗೇ ಹೊರಗೆ ಹೋಗೋದನ್ನೂ ಸೋಸ್ಬೇಕು. ನಮ್ಮಲ್ಲಿ ಎಲ್ಲರಿಗೂ ಕಾಣೋದು ಯಾವ ಗುಂಪಿನವರು ಎಷ್ಟು ಜನ ಇದ್ದಾರೆ ಅನ್ನೋದು ಮಾತ್ರ. ಹೆಸರು, ನಂಬರ್ ಕೋಆರ್ಡಿನೇಟರಿಗೆ ಮಾತ್ರ, ಅದೂ ಒಂದು ಬೇಡಿಕೆ ದಾಖಲಾದ ಮೇಲೆ. ಯಾರು ಯಾವಾಗ ನೋಡಿದ್ರು ಅನ್ನೋದೂ ಬರೆದಿಡ್ತೀವಿ. ಆ ಗೆಳತಿ ನೆಟ್‌ವರ್ಕ್ ಟ್ಯಾಬ್ ತೆಗೆದು ಒಂದೊಂದು ಉತ್ತರವನ್ನೂ ತಾನೇ ನೋಡಿದ್ಲು. ಆಮೇಲೆ ಫಾರಂ ತುಂಬಿದ್ಲು. ಅವಳದ್ದು ಎಬಿ ನೆಗೆಟಿವ್.

ಭಾಗ 8/9: ಏನು ಹೇಳಿ ಕಳಿಸೋದು?

ಐದನೇ ಪ್ರಶ್ನೆ, ಎಲ್ಲರೂ ಕೊನೆಗೆ ತಳ್ಳೋದು.

"ಏನೋ ತಪ್ಪಾಗಿದೆ" ಅನ್ನೋದು ಉತ್ತರ ಅಲ್ಲ. ನಮ್ಮ ಎಲ್ಲಾ ಆಕ್ಷನ್ನುಗಳೂ ಒಂದೇ ಆಕಾರದ ಉತ್ತರ ಕೊಡುತ್ವೆ: ಆಯ್ತಾ ಇಲ್ವಾ, ಯಾವ ಜಾಗದಲ್ಲಿ ಏನು ಸರಿ ಇಲ್ಲ, ಒಟ್ಟಾರೆ ಒಂದು ಮಾತು, ಮತ್ತು ಅವರು ತುಂಬಿದ್ದ ವಿವರ. ತುಂಬಿದ ತಪ್ಪುಗಳನ್ನ ಎರರ್ ಅಂತ ಎಸೆಯಲ್ಲ, ಉತ್ತರವಾಗಿ ವಾಪಸ್ ಕೊಡ್ತೀವಿ. ಎಸೆದ್ರೆ ಪ್ರೊಡಕ್ಷನ್ನಿನಲ್ಲಿ ನೆಕ್ಸ್ಟ್‌ಜೆಎಸ್ ಆ ಸಂದೇಶವನ್ನ ಮುಚ್ಚಿಟ್ಟು ಬರೀ ಸಾಮಾನ್ಯ ವಾಕ್ಯ ತೋರಿಸುತ್ತೆ. ಸುರಕ್ಷತೆಗೆ ಅದು ಒಳ್ಳೇದೇ, ಆದ್ರೆ ತುಂಬೋರಿಗೆ ಏನೂ ತಿಳಿಯಲ್ಲ.

ತುಂಬಿದ್ದನ್ನ ಯಾಕೆ ವಾಪಸ್ ಕೊಡೋದು? ರಿಯಾಕ್ಟ್ 19ರಲ್ಲಿ ಆಕ್ಷನ್ ಮುಗಿದ ಮೇಲೆ ಫಾರಂ ತಾನಾಗೇ ಖಾಲಿ ಆಗುತ್ತೆ, ನೀವು ತಪ್ಪು ತೋರಿಸ್ತಿದ್ರೂ ಸಹ. ಮೆಸ್ಸಿನ ಅಣ್ಣ ಒಡೆದ ಸ್ಕ್ರೀನಿನ ಫೋನಲ್ಲಿ ಎಂಟು ಜಾಗ ತುಂಬಿ, ಒಂದು ಅಂಕಿ ಬಿಟ್ಟಿದ್ದಕ್ಕೆ ಎಲ್ಲ ಮತ್ತೆ ತುಂಬಬೇಕು ಅಂದ್ರೆ ಅವರು ಮತ್ತೆ ಬರಲ್ಲ. ಯಾರೂ ಬರಲ್ಲ.

ಮಾತೂ ಮನುಷ್ಯರ ಮಾತಾಗಿರಲಿ. "ಅಮಾನ್ಯ ಇನ್‌ಪುಟ್" ಬೇಡ. "ಮೊಬೈಲ್ ನಂಬರಲ್ಲಿ 9 ಅಂಕಿ ಇದೆ, ಒಂದು ಬಿಟ್ಟುಹೋಗಿರಬಹುದು" ಅನ್ನಿ. ಒಂದು ಕಡೆ ಮಾತ್ರ ಕಡಿಮೆ ಮಾತಾಡಿ: "ಈ ನಂಬರ್ ಆಗಲೇ ಪಟ್ಟಿಯಲ್ಲಿದೆ" ಅಂತ ಕೇಳಿದವರಿಗೆಲ್ಲ ಹೇಳಿದ್ರೆ, ಯಾರ ಹೆಸರು ಇದೆ ಅಂತ ಹೊರಗಿನವರು ಒಂದೊಂದೇ ನಂಬರ್ ಹಾಕಿ ಪತ್ತೆ ಮಾಡ್ಬಹುದು.

ಜೋಡಣೆ ಹೇಗೆ ಅಂತ ಕೇಳ್ತೀರಿ. ನಮ್ಮದು ಮೂರು ಪದರ. ಸ್ಕೀಮಾ ಒಂದು ಫೈಲಲ್ಲಿ. ನಿಯಮ ಮತ್ತು ಡೇಟಾಬೇಸ್ ಕೆಲಸ ಇನ್ನೊಂದು ಫೈಲಲ್ಲಿ, ಅಲ್ಲಿ "ಯೂಸ್ ಸರ್ವರ್" ಇಲ್ಲ, ಹಾಗಾಗಿ ಹೊರಗಿಂದ ನೇರವಾಗಿ ಕರೆಯೋಕೆ ಆಗಲ್ಲ. ಆಕ್ಷನ್ ಫೈಲ್ ತೆಳ್ಳಗೆ: ಐದು ಪ್ರಶ್ನೆ ಕ್ರಮವಾಗಿ ಕೇಳಿ ಒಳಗಿನವರಿಗೆ ಕೆಲಸ ಒಪ್ಪಿಸುತ್ತೆ. 90 ದಿನದ ನಿಯಮ ಟೆಸ್ಟ್ ಮಾಡೋಕೆ ಬ್ರೌಸರೇ ಬೇಡ. ಇನ್ನೊಂದು ಕಿವಿಮಾತು: ನೆಕ್ಸ್ಟ್‌ಜೆಎಸ್‌ನ ರಿಡೈರೆಕ್ಟ್ ಒಳಗೊಳಗೇ ಎರರ್ ಎಸೆದೇ ಕೆಲಸ ಮಾಡೋದು. ಅದನ್ನ ಟ್ರೈ-ಕ್ಯಾಚ್ ಒಳಗೆ ಇಟ್ರೆ ಕ್ಯಾಚ್ ನುಂಗಿಬಿಡುತ್ತೆ, ಹೊರಗಿಡಿ.

ಭಾಗ 9/9: ನಮ್ಮ ಕೈ ಮೀರಿದ್ದು, ನಮ್ಮ ಕೈಲಿರೋದು

ಇಷ್ಟೆಲ್ಲ ಮಾಡಿದ್ರೆ ಸೇಫಾ? ಪೂರ್ತಿ ಅಲ್ಲ. 2025ರ ಡಿಸೆಂಬರ್ 3ರಂದು ರಿಯಾಕ್ಟ್ ಸರ್ವರ್ ಕಾಂಪೊನೆಂಟ್ಸ್‌ನಲ್ಲಿ ಒಂದು ದೋಷ ಬಹಿರಂಗ ಆಯ್ತು. ರಿಯಾಕ್ಟ್2ಶೆಲ್ ಅಂತ ಹೆಸರು, ತೀವ್ರತೆ 10ಕ್ಕೆ 10. ಸರ್ವರ್ ಫಂಕ್ಷನ್ನಿಗೆ ಬರೋ ಮಾಹಿತಿಯನ್ನ ರಿಯಾಕ್ಟ್ ಬಿಚ್ಚೋ ಹಂತದಲ್ಲೇ ಹೊರಗಿನವರ ಕೋಡ್ ಸರ್ವರಲ್ಲಿ ಓಡಬಹುದಿತ್ತು. ಅಂದ್ರೆ ನಮ್ಮ ಝೋಡ್, ನಮ್ಮ ಐದು ಪ್ರಶ್ನೆ, ಇವೆಲ್ಲ ಶುರುವಾಗೋ ಮುಂಚೆಯೇ. ಜಗಲಿಯ ನೆಲವೇ ಕುಸಿದ ಹಾಗೆ. ಅದಕ್ಕೆ ಪರಿಹಾರ ಆವೃತ್ತಿ ಅಪ್‌ಡೇಟ್ ಮಾಡೋದು. 19.0.1, 19.1.2, 19.2.1ರಲ್ಲಿ ಅದನ್ನ ಸರಿಪಡಿಸಿದ್ರು. ಪ್ರಾಜೆಕ್ಟ್ ಡೆಮೋ ಮುಗೀತು ಅಂತ ಸರ್ವರ್ ಹಾಗೇ ಬಿಟ್ಟಿರೋರು ಇವತ್ತೇ ನಿಮ್ಮ ಆವೃತ್ತಿ ನೋಡಿ. ಬಳಕೆ ಇಲ್ದಿದ್ರೆ ಆರಿಸಿಬಿಡಿ, ಒಳಗಿರೋ ಜನರ ವಿವರ ಅಳಿಸಿ.

ಫ್ರೇಮ್‌ವರ್ಕ್ ಬದಲಾಗ್ತಾನೇ ಇರುತ್ತೆ. ನೀವು ಲಾರಾವೆಲ್ ಬರೀಬಹುದು, ಜ್ಯಾಂಗೋ ಬರೀಬಹುದು, ಇನ್ನೆರಡು ವರ್ಷಕ್ಕೆ ಹೊಸದೇನೋ ಬರಬಹುದು. ಐದು ಪ್ರಶ್ನೆ ಮಾತ್ರ ಬದಲಾಗಲ್ಲ. ಅವುಗಳಿಗೆ ಎರಡು ಮುಖ ಇದೆ. ಬಂದ ಮಾಹಿತಿಯನ್ನ ಸುಮ್ಮನೆ ನಂಬಬೇಡಿ, ಅದು ಒಳಗಿರೋರಿಗೆ ನಾವು ಕೊಡೋ ಮರ್ಯಾದೆ. ಬಂದ ಮನುಷ್ಯರನ್ನ ಸುಮ್ಮನೆ ವಾಪಸ್ ಕಳಿಸಬೇಡಿ, ಅದು ಹೊರಗಿರೋರಿಗೆ ಕೊಡೋ ಮರ್ಯಾದೆ. ಒಂದನ್ನೇ ಮಾಡಿದ್ರೆ ಅರ್ಧ ಕೆಲಸ ಆದ ಹಾಗೆ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟ್ ತೆಗೆದು "ಯೂಸ್ ಸರ್ವರ್" ಅಂತ ಹುಡುಕಿ. ಸಿಕ್ಕ ಒಂದೊಂದು ಫಂಕ್ಷನ್ನಿನ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಐದು ಕಾಲಂ ಹಾಕಿ, ಯಾವ ಪ್ರಶ್ನೆ ಕೇಳಿದೆ, ಯಾವುದು ಕೇಳಿಲ್ಲ ಅಂತ ಟಿಕ್ ಮಾಡಿ. ಆಮೇಲೆ ನಿಮ್ಮ ಅಮ್ಮನ ಹೆಸರನ್ನ ಕನ್ನಡದಲ್ಲಿ, ಇನಿಷಿಯಲ್ ಸಮೇತ ಹಾಕಿ ನೋಡಿ.

ಒಳಗೆ ಬಿಡ್ತಾ? ಕಾಮೆಂಟಲ್ಲಿ ಹೇಳಿ.

#ಕನ್ನಡದಲ್ಲಿಕೋಡ್ #ಸರ್ವರ್‌ಆಕ್ಷನ್ #ಫೈನಲ್‌ಇಯರ್ #ರಕ್ತದಾನ